ಬಾಗದ ಕೊಬ್ಬು

‘ಕೊಬ್ಬು’ ಎಂಬ ಕನ್ನಡ ಪದಕ್ಕೆ ಎರಡು ಅರ್ಥ. ಒಂದು ಮೈಯಲ್ಲಿ ಕಾಣುವುದು, ಇನ್ನೊಂದು ಮಾತಿನಲ್ಲಿ ಕೇಳುವುದು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ನಾನು ಎರಡನೆಯದನ್ನೇ ಹೆಚ್ಚು ಬಳಸಿದವನು. ಕೊನೆಯ ಬೆಂಚಿನಲ್ಲಿ ಕಿಸಕ್ಕೆಂದವರಿಗೆ, ಪದ್ಯ ಬಾಯಿಪಾಠ ಮಾಡದೆ ಎದೆ ಸೆಟೆಸಿ ನಿಂತವರಿಗೆ ನನ್ನದು ಒಂದೇ ಪ್ರಶ್ನೆ: “ಏನೋ, ಕೊಬ್ಬಾ?”

ಹಾಗೆ ಕೇಳಿಸಿಕೊಂಡವರಲ್ಲಿ ಒಬ್ಬ ಈಗ ನಮ್ಮೂರಿನಲ್ಲೇ ಡಾಕ್ಟರು. ಹೋದ ತಿಂಗಳು ನನ್ನ ರಕ್ತಪರೀಕ್ಷೆಯ ಹಾಳೆಯನ್ನು ಮುಂದಿಟ್ಟುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬಹಳ ವಿನಯದಿಂದ ಹೇಳಿದ: “ಸಾರ್, ಕೊಬ್ಬು ಸ್ವಲ್ಪ ಜಾಸ್ತಿಯಾಗಿದೆ.” ಈ ಒಂದು ವಾಕ್ಯಕ್ಕಾಗಿ ಅವನು ಎಷ್ಟು ವರ್ಷದಿಂದ ಕಾದಿದ್ದನೋ ಏನೋ.

ಹಾಳೆಯನ್ನು ನಾನೂ ನೋಡಿದೆ. ವಿಚಿತ್ರವಾದ ಅಂಕಪಟ್ಟಿ ಅದು. ಹೆಚ್ಚು ಅಂಕ ಬಂದ ವಿಷಯಗಳಲ್ಲೆಲ್ಲ ನಪಾಸು. ಹೆಚ್ಚು ಬರಬೇಕಾಗಿದ್ದ ಒಂದೇ ಒಂದು ವಿಷಯದಲ್ಲಿ, ಅಂದರೆ ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟರಾಲಿನಲ್ಲಿ, ಕಡಿಮೆ ಬಂದು ಅಲ್ಲೂ ನಪಾಸು. ಗ್ರೇಸ್ ಮಾರ್ಕ್ಸ್ ಕೊಡುವ ಪದ್ಧತಿ ಲ್ಯಾಬಿನವರಲ್ಲಿ ಇಲ್ಲ. ಡಾಕ್ಟರ ಅಪ್ಪಣೆಗಳು ಮೂರು. ಒಂದು, ದಿನಾ ನಡೆಯಬೇಕು. ಎರಡು, ತುಪ್ಪ ದಿನಕ್ಕೆ ಒಂದೇ ಚಮಚ. ಮೂರು, ವನಸ್ಪತಿ ಹಾಕಿದ ಬೇಕರಿ ತಿಂಡಿಯ ಕಡೆ ತಿರುಗಿಯೂ ನೋಡಕೂಡದು.

“ತುಪ್ಪಕ್ಕಾದರೆ ಒಂದು ಚಮಚದ ರಿಯಾಯಿತಿ. ವನಸ್ಪತಿಗೆ ಯಾಕೆ ಗಡೀಪಾರು?” ಎಂದು ಕೇಳಿದೆ. “ಅದು ಬೇರೆ ಜಾತಿಯ ಕೊಬ್ಬು ಸಾರ್. ಬಾಗಲ್ಲ,” ಎಂದ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಅಷ್ಟಕ್ಕೇ ಪಾಠ ಮುಗಿಯಿತು. ಬಾಗದ ಕೊಬ್ಬೆಂದರೆ ಏನು ಎನ್ನುವ ಮನೆಗೆಲಸ ಹೊತ್ತು ನಾನು ಮನೆಗೆ ಬಂದೆ.

ನಮ್ಮ ಭಾಷೆಯಾದರೋ ಜಿಡ್ಡಿನಲ್ಲೇ ಅದ್ದಿ ತೆಗೆದದ್ದು. ಕೆಲಸ ಆಗಬೇಕಾದರೆ ಬೆಣ್ಣೆ ಹಚ್ಚುತ್ತೇವೆ. ಕೆಲಸ ಮಾಡಿಕೊಡುವ ಮನಸ್ಸಿಲ್ಲದವರು ಮೂಗಿಗೆ ತುಪ್ಪ ಸವರುತ್ತಾರೆ. ಜಗಳ ಹೆಚ್ಚಿಸುವವರು ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಾರೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವವರಿಗೂ ಕೊರತೆಯಿಲ್ಲ. ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂದು ಚಾರ್ವಾಕರು ಹೇಳಿದ್ದರಂತೆ. ನಮ್ಮ ಕಾಲದಲ್ಲಿ ಸಾಲ ಸುಲಭವಾಗಿ ಸಿಗುತ್ತದೆ, ತುಪ್ಪಕ್ಕೇ ಅನುಮತಿ ಬೇಕು. ‘ಎಣ್ಣೆ’ ಎಂದರೆ ಇವತ್ತಿನ ಹುಡುಗರಿಗೆ ಅಡುಗೆಮನೆಯ ಪದಾರ್ಥವೇ ಅಲ್ಲ. ಆ ವಿಷಯ ಇಲ್ಲಿ ಬೇಡ.

ನಮ್ಮ ಅಜ್ಜಿ ಬೆಣ್ಣೆ ಕಾಯಿಸುವ ದಿನ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಮೊದಲು ಚಟಪಟ ಸದ್ದು, ನೊರೆ, ಆಮೇಲೆ ಸದ್ದು ಸಣ್ಣಗಾಗಿ ಘಮ ದೊಡ್ಡದಾಗುವುದು. ಇಳಿಸುವ ಮುಂಚೆ ಒಂದು ಹಿಡಿ ನುಗ್ಗೆಸೊಪ್ಪೋ ಒಂದು ವೀಳ್ಯದೆಲೆಯೋ ಬೀಳುತ್ತಿತ್ತು. ಸೋಸಿದ ಮೇಲೆ ತಳದಲ್ಲಿ ಉಳಿದ ಕಂದು ಗಸಿಗೆ ಸಕ್ಕರೆ ಬೆರೆಸಿ ನಮ್ಮ ಅಂಗೈಗೆ ಹಾಕುತ್ತಿದ್ದಳು. ಮಾರನೆಯ ಬೆಳಿಗ್ಗೆ ತುಪ್ಪ ಮರಳು ಮರಳಾಗಿ ಕೂತಿರುತ್ತಿತ್ತು. ಬಡಿಸುವುದಕ್ಕೆ ಹಿತ್ತಾಳೆಯ ಒಂದು ಮಿಳ್ಳೆ. ಈಗ ಅದು ನಮ್ಮ ಮನೆಯಲ್ಲಿದೆ. ಡಾಕ್ಟರು ಹೇಳಿದ ‘ಒಂದು ಚಮಚ’ವನ್ನು ನಾನು ಮೊದಲ ದಿನ ಅಳೆದುಕೊಂಡದ್ದು ಅದರಲ್ಲೇ. “ರೀ, ಅವರು ಹೇಳಿದ್ದು ಚಮಚ, ಮಿಳ್ಳೆ ಅಲ್ಲ,” ಎಂದು ನಮ್ಮ ಮನೆಯವಳು ಅದನ್ನು ಕಿತ್ತುಕೊಂಡು, ಮೊಮ್ಮಗನಿಗೆ ಔಷಧಿ ಕುಡಿಸುವ ಪ್ಲಾಸ್ಟಿಕ್ ಚಮಚವೊಂದನ್ನು ತಂದಿಟ್ಟಳು.

ಆದರೆ ಅಜ್ಜಿಯ ಅಟ್ಟದ ಮೇಲೆ ಇನ್ನೊಂದು ವಸ್ತುವೂ ಇತ್ತು: ಹಳದಿ ಬಣ್ಣದ ಡಾಲ್ಡಾ ಡಬ್ಬಿ, ಮೇಲೆ ಹಸಿರು ಮರದ ಚಿತ್ರ. ಮದುವೆ ಮುಂಜಿಗೆ ನೂರಾರು ಜನಕ್ಕೆ ಕರಿದು ಹಾಕುವಾಗ ತುಪ್ಪ ತರಲು ಶಕ್ತಿ ಯಾರಿಗಿತ್ತು? ಒಳಗಿನದು ಮುಗಿದ ಮೇಲೂ ಡಬ್ಬಿಗೆ ನಿವೃತ್ತಿ ಇರಲಿಲ್ಲ. ಅಕ್ಕಿ ತುಂಬುವುದಕ್ಕೆ, ಉಪ್ಪಿನಕಾಯಿ ಮೆಣಸಿನಕಾಯಿ ಇಡುವುದಕ್ಕೆ, ಕೊನೆಗೆ ತಳಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆದು ತುಳಸಿ ನೆಡುವುದಕ್ಕೆ. ನಿತ್ಯ ಮೂರು ಪ್ರದಕ್ಷಿಣೆ ಹಾಕಿಸಿಕೊಂಡ ಡಬ್ಬಿ ಅದು. 1937ರಲ್ಲಿ ಮಾರುಕಟ್ಟೆಗೆ ಬಂದ ಆ ಹೆಸರು ಎಷ್ಟು ಮನೆಮಾತಾಯಿತೆಂದರೆ, ಯಾವ ಕಂಪನಿಯ ವನಸ್ಪತಿಯೇ ಆಗಲಿ, ನಮ್ಮ ಹೆಂಗಸರ ಬಾಯಲ್ಲಿ ಡಾಲ್ಡಾನೇ. ಡಾಡಾ ಎಂಬ ಡಚ್ ಹೆಸರಿನ ನಡುವೆ ಲಿವರ್ ಕಂಪನಿಯವರು ತಮ್ಮ ‘ಲ’ಕಾರವನ್ನು ಸೇರಿಸಿದ್ದರಿಂದ ಡಾಲ್ಡಾ ಆಯಿತೆನ್ನುತ್ತಾರೆ. ವ್ಯಾಕರಣದಲ್ಲಿ ಇದನ್ನು ಆಗಮ ಸಂಧಿಯೆಂದು ಹೇಳಿಕೊಡಬಹುದಾಗಿತ್ತು. ನನಗೆ ತಿಳಿದದ್ದು ತಡವಾಗಿ.

ವನಸ್ಪತಿ ಹುಟ್ಟಿದ ಬಗೆ ಹೀಗೆ. ಎಣ್ಣೆ ಅಗ್ಗ, ಆದರೆ ನೀರಿನಂತೆ ಹರಿಯುತ್ತದೆ. ಬೆಣ್ಣೆ ತುಪ್ಪ ಗಟ್ಟಿ, ಆದರೆ ದುಬಾರಿ. ಅಗ್ಗದ್ದನ್ನು ಗಟ್ಟಿ ಮಾಡುವ ಉಪಾಯವನ್ನು ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದು 1902ರಲ್ಲಿ ಪೇಟೆಂಟ್ ಪಡೆದ. ಬಿಸಿ ಎಣ್ಣೆಗೆ ನಿಕ್ಕಲ್ ಪುಡಿ ಸೇರಿಸಿ ಜಲಜನಕ ಹಾಯಿಸಿದರೆ ಎಣ್ಣೆ ಹೆಪ್ಪುಗಟ್ಟುತ್ತದೆ. 1911ರಲ್ಲಿ ಅಮೆರಿಕದಲ್ಲಿ ಹತ್ತಿಬೀಜದ ಎಣ್ಣೆಯನ್ನು ಹೀಗೆ ಗಟ್ಟಿ ಮಾಡಿ ಕ್ರಿಸ್ಕೊ ಎಂಬ ಹೆಸರಿನಲ್ಲಿ ಡಬ್ಬಿಗೆ ತುಂಬಿದರು. ಕೆಡುವುದಿಲ್ಲ, ಕಮಟು ಬರುವುದಿಲ್ಲ, ಬಿಸ್ಕತ್ತು ಗರಿಗರಿಯಾಗುತ್ತದೆ. ಅಡುಗೆಮನೆಗೆ ಇನ್ನೇನು ಬೇಕು?

ನಮ್ಮಲ್ಲಿ ಗಲಾಟೆಯಾದದ್ದು ಬೇರೆ ಕಾರಣಕ್ಕೆ. ಗಾಂಧೀಜಿಗೆ ವನಸ್ಪತಿ ಸೇರುತ್ತಿರಲಿಲ್ಲ. ಅಂಗಡಿಯವರು ಅದನ್ನು ಸದ್ದಿಲ್ಲದೆ ತುಪ್ಪಕ್ಕೆ ಬೆರೆಸುತ್ತಿದ್ದರು. ಅದೂ ಮರಳು ಮರಳಾಗಿಯೇ ಇರುತ್ತಿತ್ತು. ಬಣ್ಣ ಹಾಕಿ ಮಾರಿಸಿ ಎಂದು ಕೆಲವರು, ನಿಷೇಧಿಸಿ ಎಂದು ಹಲವರು. ಕೊನೆಗೆ ಸರ್ಕಾರ ಜಾಣತನದ ಒಂದು ನಿಯಮ ಮಾಡಿತು: ಪ್ರತಿ ವನಸ್ಪತಿಯಲ್ಲೂ ಕನಿಷ್ಠ ಶೇಕಡಾ 5ರಷ್ಟು ಎಳ್ಳೆಣ್ಣೆ ಇರಬೇಕು. ತುಪ್ಪದ ಮೇಲೆ ಅನುಮಾನ ಬಂದರೆ ಒಂದಿಷ್ಟಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸಕ್ಕರೆ ಹಾಕಿ ಅಲುಗಾಡಿಸುವುದು. ಎಳ್ಳೆಣ್ಣೆ ಇದ್ದರೆ ಆಮ್ಲ ಕೆಂಪಗಾಗುತ್ತದೆ. ಕಳ್ಳನ ಜೇಬಿನಲ್ಲಿ ಮೊದಲೇ ಗುರುತಿನ ಚೀಟಿ ಇಟ್ಟು ಬೀದಿಗೆ ಬಿಟ್ಟ ಹಾಗೆ. ತುಪ್ಪದ ಮಾನ ಉಳಿಸಲು ಇಷ್ಟೆಲ್ಲ ಮಾಡಿದೆವು. ಹೃದಯದ ಬಗ್ಗೆ ಯೋಚನೆ ಯಾರಿಗೂ ಬರಲಿಲ್ಲ.

ಬಂದದ್ದು ದೂರದ ಇಲಿನಾಯ್ ವಿಶ್ವವಿದ್ಯಾಲಯದ ಒಬ್ಬ ಮೇಷ್ಟ್ರಿಗೆ. ಹೆಸರು ಫ್ರೆಡ್ ಕುಮ್ಮರೋ. ಹುಟ್ಟಿದ್ದು 1914ರಲ್ಲಿ, ಬರ್ಲಿನ್ನಿನಲ್ಲಿ. ಎಂಟೊಂಬತ್ತು ವರ್ಷದ ಹುಡುಗನಾಗಿದ್ದಾಗ ಬಡತನದ ಸಂಸಾರ ಅಮೆರಿಕದ ಮಿಲ್ವಾಕಿಗೆ ಬಂತು. ಅಪ್ಪ ಕೂಲಿ ಕೆಲಸಕ್ಕೆ ಸೇರಿದ. ಮಾವನೊಬ್ಬ ಹುಟ್ಟುಹಬ್ಬಕ್ಕೆ ರಸಾಯನಶಾಸ್ತ್ರದ ಆಟದ ಪೆಟ್ಟಿಗೆ ಕೊಡಿಸಿದ್ದೇ ಈ ಹುಡುಗನ ಹಣೆಬರಹವಾಯಿತು. ಮಕ್ಕಳಿಗೆ ಉಡುಗೊರೆ ಕೊಡುವವರು ಸ್ವಲ್ಪ ಹುಷಾರಾಗಿರಬೇಕು. ಆ ಮಾವ ಡೋಲು ಕೊಡಿಸಿದ್ದರೆ ಇವತ್ತು ನಾನು ಪಫ್ಸ್ ತಿನ್ನುತ್ತಿದ್ದೆ.

ಕುಮ್ಮರೋ ಮುಂದೆ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟು ಪಡೆದು, 1950ರಲ್ಲಿ ಇಲಿನಾಯ್‌ಗೆ ಬಂದರು. ಆ ಹೊತ್ತಿಗೆ ಅಮೆರಿಕದಲ್ಲಿ ಗಟ್ಟಿಮುಟ್ಟಾದ ಗಂಡಸರು ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ಕುಸಿಯುತ್ತಿದ್ದರು. ಕುಮ್ಮರೋ, ಹೃದ್ರೋಗದಿಂದ ಸತ್ತವರ ದೇಹದ ತುಣುಕುಗಳನ್ನು ಆಸ್ಪತ್ರೆಯಿಂದ ತರಿಸಿಕೊಂಡು ಒಳಗೇನಿದೆಯೆಂದು ಹುಡುಕಿದರು. ರಕ್ತನಾಳದಲ್ಲಿ, ಯಕೃತ್ತಿನಲ್ಲಿ, ಮೈಕೊಬ್ಬಿನಲ್ಲಿ ಸಿಕ್ಕಿದ್ದು ಕಾರ್ಖಾನೆಯಲ್ಲಿ ಹುಟ್ಟಿದ ಒಂದು ಕೊಬ್ಬು. 1957ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಆ ಕೊಬ್ಬಿನ ಹೆಸರು ಟ್ರಾನ್ಸ್ ಕೊಬ್ಬು.

ನನ್ನ ಮನೆಗೆಲಸಕ್ಕೆ ಉತ್ತರ ಸಿಕ್ಕಿದ್ದೂ ಇಲ್ಲೇ. ಎಣ್ಣೆಯ ಅಣುವಿನಲ್ಲಿರುವುದು ಇಂಗಾಲದ ಉದ್ದನೆಯ ಸರಪಳಿಗಳು. ಸಹಜವಾದ ಎಣ್ಣೆಯಲ್ಲಿ ಈ ಸರಪಳಿ ನಡುನಡುವೆ ಮೊಣಕೈ ಮಡಿಸಿದ ಹಾಗೆ ಬಾಗಿರುತ್ತದೆ. ಎಲ್ಲರೂ ಮೊಣಕೈ ಚಾಚಿಕೊಂಡು ನಿಂತರೆ ಬಸ್ಸಿನಲ್ಲಿ ಜನ ಒತ್ತಾಗಿ ನಿಲ್ಲಲಾರರು. ಅದಕ್ಕೇ ಎಣ್ಣೆ ಹರಿಯುತ್ತದೆ. ನಿಕ್ಕಲ್ ಮತ್ತು ಜಲಜನಕದ ಕೈಗೆ ಸಿಕ್ಕಿದಾಗ ಕೆಲವು ಸರಪಳಿಗಳು ಜಲಜನಕವನ್ನು ತುಂಬಿಸಿಕೊಂಡು ಪೂರ್ತಿ ಬದಲಾಗುತ್ತವೆ. ಕೆಲವು ಅರ್ಧಕ್ಕೇ ನಿಂತು, ಬಾಗಿದ್ದ ಕಡೆಯಲ್ಲಿ ತಿರುಚಿಕೊಂಡು ನೆಟ್ಟಗಾಗಿಬಿಡುತ್ತವೆ. ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳ ಸಾಲಿನ ಹಾಗೆ ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ಎಣ್ಣೆ ಗಟ್ಟಿಯಾಗುತ್ತದೆ. ನೆಟ್ಟಗೆ ಸೆಟೆದುಕೊಂಡು ಬಾಗಲು ಒಲ್ಲದ ಈ ಅಣುಗಳನ್ನು ನೋಡಿದರೆ ಯಾವ ಮೇಷ್ಟ್ರಿಗೂ ಗುರುತು ಹತ್ತುತ್ತದೆ. ‘ಕೊಬ್ಬು’ ಪದದ ಎರಡು ಅರ್ಥವೂ ಒಂದೇ ಅಣುವಿನಲ್ಲಿ ಕೂಡಿಬಂದಿದೆ. ರಕ್ತ ಅನಗತ್ಯವಾಗಿ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಪ್ರೊಸ್ಟಾಸೈಕ್ಲಿನ್ ಎಂಬ ದ್ರವ್ಯವನ್ನು ದೇಹ ತಯಾರಿಸುವಾಗ ಈ ಸೆಟೆದ ಕೊಬ್ಬು ಅಡ್ಡ ಬರುತ್ತದೆ ಎಂಬುದು ಕುಮ್ಮರೋ ಅವರ ವಾದವಾಗಿತ್ತು.

ಆದರೆ ಆ ದಿನಗಳಲ್ಲಿ ಅವರ ಮಾತು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಕಿವಿಯೆಲ್ಲ ಇನ್ನೊಬ್ಬರ ಕಡೆಗಿತ್ತು. ಅವರು ಮಿನೆಸೋಟದ ಆನ್ಸೆಲ್ ಕೀಸ್. ಬೆಣ್ಣೆ, ಮಾಂಸ, ಕೆನೆಯಲ್ಲಿರುವ ಪರ್ಯಾಪ್ತ ಕೊಬ್ಬು ರಕ್ತದ ಕೊಲೆಸ್ಟರಾಲ್ ಏರಿಸಿ ಹೃದಯಕ್ಕೆ ಮುಳುವಾಗುತ್ತದೆ ಎಂಬುದು ಅವರ ಸಿದ್ಧಾಂತ. 1958ರಿಂದ ಏಳು ದೇಶಗಳ 12,000ಕ್ಕೂ ಹೆಚ್ಚು ಗಂಡಸರನ್ನು ಹಿಡಿದು ಅವರ ತಟ್ಟೆ, ರಕ್ತ, ಹೃದಯ ಮೂರನ್ನೂ ಲೆಕ್ಕ ಹಾಕಿಸಿದರು. ಫಿನ್ಲೆಂಡಿನ ಮರ ಕಡಿಯುವವರು ದಪ್ಪ ಚೀಸ್ ತುಂಡಿನ ಮೇಲೆ ಬೆಣ್ಣೆ ಬಳಿದುಕೊಂಡು ತಿನ್ನುವುದನ್ನು ಕೀಸ್ ಕಂಡಿದ್ದರಂತೆ. ಅವರಲ್ಲಿ ಹೃದಯಾಘಾತ ವಿಪರೀತ. ಗ್ರೀಸಿನ ಕ್ರೀಟ್ ದ್ವೀಪದವರ ಊಟವೂ ಜಿಡ್ಡಿನದೇ, ಆದರೆ ಅದು ಆಲಿವ್ ಎಣ್ಣೆ; ಅಲ್ಲಿ ಹೃದ್ರೋಗ ಅಪರೂಪ. 1961ರಲ್ಲಿ ‘ಟೈಮ್’ ವಾರಪತ್ರಿಕೆಯ ಮುಖಪುಟಕ್ಕೆ ಕೀಸ್ ಏರಿದರು. ಅಮೆರಿಕದ ಮನೆಗಳಲ್ಲಿ ಬೆಣ್ಣೆ ಕೆಳಗಿಳಿಯಿತು. ಆ ಜಾಗಕ್ಕೆ ಬಂದು ಕೂತದ್ದು ಯಾರು ಅಂದುಕೊಂಡಿರಿ? ಕುಮ್ಮರೋ ಹುಡುಕಿದ ಆ ಸೆಟೆದ ಕೊಬ್ಬಿನ ಮಾರ್ಗರೀನು. ಹಾವನ್ನು ಓಡಿಸಲು ಚೇಳನ್ನು ಸಾಕಿಕೊಂಡರು.

ಇದರಲ್ಲಿ ಕೀಸ್ ಅವರದೇ ತಪ್ಪೆಂದು ಹೇಳಿದರೆ ಅನ್ಯಾಯವಾಗುತ್ತದೆ. ಜಲಜನಕ ಸೇರಿಸಿದ ಕೊಬ್ಬು ಕೊಲೆಸ್ಟರಾಲನ್ನು ಏರಿಸುತ್ತದೆಂದು 1961ರಲ್ಲೇ ಅವರ ಪ್ರಯೋಗಾಲಯವೂ ವರದಿ ಮಾಡಿತ್ತು. ಜಗಳವಾಡುವ ದಾಯಾದಿಗಳಿಬ್ಬರೂ ಒಪ್ಪುವ ಒಂದು ಮಾತಾದರೂ ಇರುತ್ತದೆ. ಊರಿನವರು ಜಗಳ ಕೇಳುತ್ತಾರೆ, ಆ ಮಾತನ್ನು ಕೇಳುವುದಿಲ್ಲ.

ಈಗ ನನಗೆ ಬಲು ಇಷ್ಟವಾದ ಭಾಗ. ಕೀಸ್ ತಮ್ಮ ಸಿದ್ಧಾಂತದಂತೆಯೇ ಬಾಳಿದರು. ಇಟಲಿಯ ಪಿಯೋಪ್ಪಿ ಎಂಬ ಸಮುದ್ರತೀರದ ಹಳ್ಳಿಯಲ್ಲಿ ಮನೆ ಮಾಡಿ, ತರಕಾರಿ, ಮೀನು, ಆಲಿವ್ ಎಣ್ಣೆ ಎಂದುಕೊಂಡು ವರ್ಷಗಟ್ಟಲೆ ಕಳೆದು, 2004ರಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 100. ಕುಮ್ಮರೋ? ಕೊಲೆಸ್ಟರಾಲ್ ಖಳನಲ್ಲ, ಕೆಟ್ಟು ಉತ್ಕರ್ಷಣಗೊಂಡ ಕೊಲೆಸ್ಟರಾಲೇ ಖಳ ಎಂದು ವಾದಿಸುತ್ತ, ಬೆಣ್ಣೆಯಲ್ಲಿ ಕೆದಕಿದ ಮೊಟ್ಟೆ ತಿಂದು, ಕೆನೆ ತೆಗೆಯದ ಹಾಲು ಕುಡಿದು, ಮಾರ್ಗರೀನು ಮತ್ತು ಕರಿದ ತಿಂಡಿಯನ್ನು ಮಾತ್ರ ದೂರವಿಟ್ಟು ಬಾಳಿದರು. 2017ರಲ್ಲಿ ತೀರಿಕೊಂಡಾಗ ಅವರಿಗೆ 102.

ಈ ಎರಡು ಸಂಖ್ಯೆಗಳನ್ನು ಕಂಡ ದಿನ ನಾನು ಕುಣಿದಾಡಿದೆ. “ನೋಡು, ಎಣ್ಣೆ ತಿಂದವರಿಗೂ ನೂರು, ಬೆಣ್ಣೆ ತಿಂದವರಿಗೂ ನೂರು. ಎರಡು ವರ್ಷ ಬೋನಸ್ ಬಂದದ್ದು ಬೆಣ್ಣೆಗೆ!” ಎಂದೆ. “ಅವರಿಬ್ಬರೂ ಕೊನೇವರೆಗೂ ಕೆಲಸ ಮಾಡ್ತಿದ್ರು ಅಂತಲೂ ಬರೆದಿದೆಯಲ್ರೀ ಅಲ್ಲಿ. ಅದನ್ನ ಯಾಕೆ ಓದಲಿಲ್ಲ?” ಎಂದಳು ನಮ್ಮ ಮನೆಯವಳು. ಬರೆದಿದ್ದು ನಿಜ. ಕುಮ್ಮರೋ ನೂರು ದಾಟಿದ ಮೇಲೂ ಗಾಲಿಕುರ್ಚಿಯಲ್ಲಿ ಕೂತು ಪ್ರಬಂಧ ಬರೆಯುತ್ತಿದ್ದರು. ಇನ್ನು ಕೀಸ್. ನಿಮ್ಮ ದೀರ್ಘಾಯುಷ್ಯಕ್ಕೆ ನಿಮ್ಮ ಊಟವೇ ಕಾರಣವೇ ಎಂದು ಕೇಳಿದವರಿಗೆ, ಇದ್ದರೂ ಇರಬಹುದು, ಆದರೆ ಪುರಾವೆಯಿಲ್ಲ ಎಂದಿದ್ದರಂತೆ. ಏಳು ದೇಶ ಅಳೆದವರು ತಮ್ಮೊಬ್ಬರ ಆಯುಸ್ಸಿನಿಂದ ತೀರ್ಮಾನಕ್ಕೆ ಬರಲಿಲ್ಲ. ಒಂದು ಮಿಳ್ಳೆಯವನಾದ ನಾನು ಎರಡು ಆಯುಸ್ಸು ಹಿಡಿದು ಕುಣಿಯುತ್ತಿದ್ದೆ.

ಪುರಾವೆಯ ಮಾತು ಬಂದಾಗ ನಮ್ಮ ರೈಲ್ವೆಯ ಡಾಕ್ಟರೊಬ್ಬರು ನೆನಪಾಗುತ್ತಾರೆ. ಎಸ್. ಎಲ್. ಮಲ್ಹೋತ್ರಾ ಎಂಬವರು ಭಾರತೀಯ ರೈಲ್ವೆಯ 10 ಲಕ್ಷಕ್ಕೂ ಮಿಕ್ಕಿದ ನೌಕರರ ದಾಖಲೆ ಜಾಲಾಡಿ 1967ರಲ್ಲಿ ಒಂದು ವರದಿ ಬರೆದರು. ಹಾಲು ತುಪ್ಪ ಧಾರಾಳವಾಗಿ ತಿನ್ನುವ ಉತ್ತರದವರಿಗಿಂತ ದಕ್ಷಿಣದ ನಮ್ಮವರಲ್ಲೇ ಹೃದ್ರೋಗದ ಸಾವು ಏಳು ಪಟ್ಟು ಹೆಚ್ಚಿತ್ತಂತೆ. ತುಪ್ಪದ ಅಭಿಮಾನಿಗಳು ಇದನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಆದರೆ ಎರಡೂ ಕಡೆಯವರ ಊಟ, ಕೆಲಸ, ಗೋಧಿ, ಅಕ್ಕಿ, ಅಗಿಯುವ ರೀತಿ ಎಲ್ಲವೂ ಬೇರೆ ಬೇರೆ. ಇಷ್ಟೆಲ್ಲ ಬೇರೆಯಾಗಿರುವಾಗ ಕೀರ್ತಿಯನ್ನು ತುಪ್ಪಕ್ಕೊಂದಕ್ಕೇ ಕಟ್ಟುವುದು, ಇಡೀ ತರಗತಿ ಪಾಸಾದದ್ದು ಕನ್ನಡ ಮೇಷ್ಟ್ರಿಂದಲೇ ಎಂದ ಹಾಗೆ. ನಾನೂ ಹಾಗೆ ಹೇಳಿಕೊಂಡು ತಿರುಗಿದವನೇ, ಅದಕ್ಕೇ ಗೊತ್ತು.

ಟ್ರಾನ್ಸ್ ಕೊಬ್ಬಿನ ವಿಷಯದಲ್ಲಿ ಮಾತ್ರ ಪುರಾವೆಗಳು ಒಂದರ ಮೇಲೊಂದು ಬಂದವು. 1990ರಲ್ಲಿ ಮೆನ್ಸಿಂಕ್ ಮತ್ತು ಕಾಟನ್ ಎಂಬ ಡಚ್ ವಿಜ್ಞಾನಿಗಳು, ಇದು ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದಲ್ಲದೆ ಒಳ್ಳೆಯದನ್ನು ಇಳಿಸುತ್ತದೆಂದು ತೋರಿಸಿದರು. ನನ್ನ ಅಂಕಪಟ್ಟಿಯ ಕಥೆಯೇ ಅದು: ಏರಬಾರದ್ದು ಏರಿ, ಇಳಿಯಬಾರದ್ದು ಇಳಿಯುವುದು. 2003ರಲ್ಲಿ ಡೆನ್ಮಾರ್ಕ್ ಕಾನೂನು ಮಾಡಿ ಮಿತಿ ಹಾಕಿತು. ಅಮೆರಿಕ 2006ರಲ್ಲಿ ಪೊಟ್ಟಣದ ಮೇಲೆ ಪ್ರಮಾಣ ಬರೆಯಿರಿ ಎಂದಿತು, ಆದರೆ ಒಂದು ಸಲಕ್ಕೆ ಬಡಿಸುವಷ್ಟರಲ್ಲಿ ಅರ್ಧ ಗ್ರಾಮಿಗಿಂತ ಕಡಿಮೆಯಿದ್ದರೆ ಸೊನ್ನೆಯೆಂದೇ ಬರೆಯಬಹುದಿತ್ತು. ಒಬ್ಬನಿಗೆ ಅರ್ಧ ಬಿಸ್ಕತ್ತು ಎಂದು ಲೆಕ್ಕ ಹಾಕಿದರೆ ಯಾವ ಪಾಪವೂ ಸೊನ್ನೆಯಾಗುತ್ತದೆ.

2009ರಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ, ಕುಮ್ಮರೋ ಅಲ್ಲಿನ ಆಹಾರ ಮತ್ತು ಔಷಧ ಆಡಳಿತಕ್ಕೆ ಅರ್ಜಿ ಹಾಕಿದರು: ಈ ಕೊಬ್ಬನ್ನು ಆಹಾರದಿಂದ ತೆಗೆಸಿ. 180 ದಿನದಲ್ಲಿ ಉತ್ತರ ಕೊಡಬೇಕೆಂಬುದು ನಿಯಮ. ನಾಲ್ಕು ವರ್ಷ ಕಳೆದರೂ ಉತ್ತರವಿಲ್ಲ. ಅರ್ಜಿ ಹಾಕಿ ಕಾಯುವುದರಲ್ಲಿ ಅಮೆರಿಕದ ಪ್ರಜೆಗೂ ನಮಗೂ ಹೆಚ್ಚು ಅಂತರವಿಲ್ಲವೆಂದು ತಿಳಿದು ಸಮಾಧಾನವಾಯಿತು. 94ರ ಮುದುಕ ಎಷ್ಟು ದಿನ ಕಾದಾನು ಎಂದು ಯಾರಾದರೂ ಎಣಿಸಿದ್ದರೆ ಅವರ ಲೆಕ್ಕ ತಪ್ಪಿತು. 2013ರಲ್ಲಿ, 98ರ ಹರೆಯದಲ್ಲಿ, ಅವರು ಕೋರ್ಟಿಗೇ ಹೋದರು. ಅದೇ ವರ್ಷ ಇಲಾಖೆ ಮಿಸುಕಾಡಿತು. 2015ರ ಜೂನ್‌ನಲ್ಲಿ, ಭಾಗಶಃ ಜಲಜನಕ ಸೇರಿಸಿದ ಎಣ್ಣೆ ಸುರಕ್ಷಿತವೆನ್ನಲಾಗದು, ಮೂರು ವರ್ಷದಲ್ಲಿ ತೆಗೆಯತಕ್ಕದ್ದು ಎಂಬ ಆಜ್ಞೆ ಬಂತು. 1957ರಿಂದ 2015: 58 ವರ್ಷ. ಅಂದರೆ ಒಬ್ಬ ಸರ್ಕಾರಿ ನೌಕರ ಹುಟ್ಟಿ, ಓದಿ, ಕೆಲಸಕ್ಕೆ ಸೇರಿ, ನಿವೃತ್ತಿಯ ಅಂಚಿಗೆ ಬರುವಷ್ಟು ಕಾಲ. ಬಾಗದ ಕೊಬ್ಬಿಗೆ ಎದುರಾಗಿ ನಿಂತದ್ದೂ ಬಾಗದ ಮನುಷ್ಯನೇ. ಆ ಮಟ್ಟಿಗೆ ನನ್ನ ಕೊನೆಯ ಬೆಂಚಿನ ಹುಡುಗರಲ್ಲಿ ನಾನು ಕ್ಷಮೆ ಕೇಳಬೇಕು. ಎಲ್ಲ ಕೊಬ್ಬೂ ಕೆಟ್ಟದ್ದಲ್ಲ. ಆಜ್ಞೆ 2018ರ ಜೂನ್‌ನಲ್ಲಿ ಜಾರಿಗೆ ಬಂದಾಗ ನೋಡಲು ಕುಮ್ಮರೋ ಇರಲಿಲ್ಲ. ಒಂದು ವರ್ಷ ಮುಂಚೆ ಹೋಗಿಬಿಟ್ಟಿದ್ದರು.

ನಮ್ಮ ದೇಶದಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2021ರ ಜನವರಿಯಿಂದ ಶೇಕಡಾ 3ಕ್ಕೆ, 2022ರ ಜನವರಿಯಿಂದ ಶೇಕಡಾ 2ಕ್ಕೆ ಇಳಿಸಿದೆ. ಹಾಗೆಂದು ಎಲ್ಲ ಮುಗಿಯಿತೆಂದಲ್ಲ. ಕಾನೂನು ಡಬ್ಬಿಯೊಳಗಿನದನ್ನು ಅಳೆಯುತ್ತದೆ. ಬೀದಿ ಬದಿಯ ಬಾಣಲೆಯಲ್ಲಿ ಬೆಳಿಗ್ಗೆಯಿಂದ ಕಾದು ಕಾದು ಕಪ್ಪಾದ ಎಣ್ಣೆಯ ಕಷ್ಟವನ್ನು ಕೇಳುವವರು ಯಾರು?

ಇಷ್ಟು ಓದಿಕೊಂಡು ಮತ್ತೆ ಡಾಕ್ಟರ ಹತ್ತಿರ ಹೋದೆ. ಕುಮ್ಮರೋ ಬೆಣ್ಣೆ ತಿಂದು 102 ಬದುಕಿದರು ಎಂದು ಗಂಟಲು ಸರಿಮಾಡಿಕೊಂಡು ಹೇಳಿದೆ. ಶಿಷ್ಯ ಪೂರ್ತಿ ಕೇಳಿಸಿಕೊಂಡು ಹೇಳಿದ: “ಟ್ರಾನ್ಸ್ ಕೊಬ್ಬಿನ ವಿಷಯದಲ್ಲಿ ಅವರು ಹೇಳಿದ್ದು ಸರಿ ಅಂತ ಎಲ್ಲರೂ ಒಪ್ಪಿದ್ದಾರೆ ಸಾರ್. ಕೊಲೆಸ್ಟರಾಲಿಗೆ ಅವರು ಕೊಟ್ಟ ಕ್ಲೀನ್ ಚಿಟ್ ಒಪ್ಪಿಲ್ಲ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಏರಿದರೆ ಹೃದಯಕ್ಕೆ ಅಪಾಯವೇ. ಬೆಣ್ಣೆ ತುಪ್ಪದ ಬದಲು ಅಷ್ಟಿಷ್ಟು ಒಳ್ಳೆ ಎಣ್ಣೆ ಬಳಸಿದರೆ ಅದು ಇಳಿಯುತ್ತೆ. ಒಬ್ಬರು ಒಂದು ಪ್ರಶ್ನೆಗೆ ಸರಿ ಉತ್ತರ ಬರೆದರು ಅಂತ ಪೂರ್ತಿ ನೂರು ಅಂಕ ಕೊಡೋಕಾಗತ್ತಾ? ನೀವೇ ಹೇಳಿಕೊಟ್ಟಿದ್ದಲ್ವಾ?”

ನಾನು ಅದನ್ನು ಹೇಳಿಕೊಟ್ಟ ನೆನಪಿಲ್ಲ. ಆದರೆ ಅವನ ಪರೀಕ್ಷೆಯಲ್ಲಿ ಈಗ ನನಗೇ ಕೃಪಾಂಕ ಬೇಕಾಗಿರುವುದರಿಂದ ಹೂಂ ಎಂದೆ.

ಓದುಗರಲ್ಲಿ ನನ್ನ ವಿನಂತಿ ಎರಡೇ. ಬಿಸ್ಕತ್ತಿನ ಪೊಟ್ಟಣ ಕೊಳ್ಳುವಾಗ ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಹಿಂಭಾಗದ ಸಣ್ಣ ಅಕ್ಷರ ಓದಿ. ‘ಹೈಡ್ರೋಜನೀಕೃತ’ ಎಂದಿದ್ದರೆ ಅಲ್ಲೇ ಇಟ್ಟು ಬನ್ನಿ. ಇನ್ನು ಬಿಸಿ ಅನ್ನ, ಸಾರಿನ ಮೇಲೆ ದಿನಕ್ಕೊಂದು ಚಮಚ ತುಪ್ಪ ಹಾಕಿಕೊಳ್ಳಬಹುದೇ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಒಪ್ಪಿದರೆ ಸಂತೋಷ. ಚಮಚ ಎಷ್ಟು ದೊಡ್ಡದಿರಬೇಕು ಎಂದು ಮಾತ್ರ, ಮನೆಯವರು ಜೊತೆಯಲ್ಲಿರುವಾಗ ಕೇಳಬೇಡಿ.